ಥಂಡಿ ಹಿಡಿದ ಕಣ್ಣು

ರಾಟರ್‌ಡ್ಯಾಮ್,
ಸೋಮವಾರ, ಜನವರಿ ೧೩, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ದಿಂಗೆನಾ,

ಹರಿದು ಹಾಕಬೇಡ ಮಾರಾಯ್ತಿ, ಮೊದಲು ಓದು. ಆಮೇಲೆ ಬೇಕಾದರೆ ಹರಿ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನಿನ್ನ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು, ಹೆತ್ತವಳಲ್ಲವೇ. ಈ ಒಂದು ತಿಂಗಳಲ್ಲಿ ಹತ್ತೊಂಬತ್ತು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಸಂದೇಶ ಬಿಡಿ ಅಂತ ಆ ಯಂತ್ರ ಹೇಳಿದಾಗಲೆಲ್ಲ "ಅಮ್ಮ ಕಣೇ" ಅಂದಷ್ಟೇ ಹೇಳಿ ಇಟ್ಟುಬಿಟ್ಟೆ. ಎತ್ತದೇ ಇರುವುದಕ್ಕೆ ನಿನಗೆ ಕಾರಣ ಇದೆ, ಇಲ್ಲ ಅನ್ನುವುದಿಲ್ಲ. ಇದನ್ನು ಅಂಚೆಗೆ ಹಾಕಿದರೆ ತಡವಾಗುತ್ತದೆ. ನಿನ್ನ ಚಿಕ್ಕಪ್ಪ ಲೇಂಡರ್ಟ್ ಕಾರಿನಲ್ಲಿ ಗ್ರೋನಿಂಗನ್‌ಗೆ ತಂದು ನಿನ್ನ ಕೈಗೇ ಕೊಡುತ್ತಾನೆ. ಕೊಟ್ಟು, ಬಾಯಿ ಬಿಡದೆ ಕಾರಿಗೆ ಹೋಗಿ ಕೂತಿರು ಅಂತ ಹೇಳಿ ಕಳಿಸುತ್ತಿದ್ದೇನೆ. ಅವನು ಬಾಯಿ ಬಿಟ್ಟರೆ ನೀನು ಬರುವವಳೂ ಬರುವುದಿಲ್ಲ.

ವಿಷಯ ಇಷ್ಟು. ನಿನ್ನಪ್ಪನ ಹೃದಯಕ್ಕೆ ಸೋಂಕು ತಗುಲಿದೆ. ಬ್ಯಾಕ್ಟೀರಿಯಾ ಕವಾಟದ ಮೇಲೆ ಕೂತು ಅದನ್ನು ತಿನ್ನುತ್ತಿದೆ. ಬಲಗಣ್ಣು ಹೋಯಿತು. ನಾಲ್ಕು ವಾರದಿಂದ ನರಕ್ಕೆ ಔಷಧಿ ಹೋಗುತ್ತಿದೆ, ಆದರೂ ಕವಾಟ ನಿಲ್ಲುತ್ತಿಲ್ಲ. ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಎದೆ ತೆರೆದು ಹೊಸದನ್ನು ಹಾಕುತ್ತಾರೆ. ಉಳಿಯುತ್ತಾರಾ ಅಂತ ಸರ್ಜನ್‌ನನ್ನು ನೇರವಾಗಿ ಕೇಳಿದೆ. "ಮಾಡದೇ ಇದ್ರೆ ಖಂಡಿತ ಉಳಿಯಲ್ಲ. ಮಾಡಿದ್ರೆ ಉಳೀಬಹುದು," ಅಂದ. ನೀನು ಬುಧವಾರಕ್ಕೆ ಮೊದಲು ಬರಬೇಕು ದಿಂಗೆನಾ. ಪತ್ರದಲ್ಲಿ ಇರುವುದು ಅದೊಂದೇ ಮಾತು, ಮಿಕ್ಕದ್ದೆಲ್ಲ ನನ್ನ ಹೊಟ್ಟೆಯ ಸಂಕಟ.

ಡಿಸೆಂಬರ್ ಬಂದರೆ ನಮ್ಮ ಮನೆ ಹೇಗಿರುತ್ತದೆ ನಿನಗೆ ಗೊತ್ತಲ್ಲ. ಇಡೀ ದೇಶಕ್ಕೆ ಕ್ರಿಸ್‌ಮಸ್ ಊಟಕ್ಕೆ ನಾವು ಕಡಲಿಂದ ತೆಗೆಯುವ ಸಿಂಪಿ ಬೇಕು, ಅದೂ ಒಂದೇ ವಾರದಲ್ಲಿ ಬೇಕು. ನಿನ್ನಪ್ಪ ಕತ್ತಲಿರುವಾಗಲೇ ದೋಣಿ ಹತ್ತುತ್ತಿದ್ದರು. ನವೆಂಬರ್ ಕೊನೆಯಿಂದಲೇ ಸುಸ್ತು ಅನ್ನುತ್ತಿದ್ದರು. ಬೆಳಿಗ್ಗೆ ಎದ್ದರೆ ಅಂಗಿ ಬೆವರಿಗೆ ತೊಯ್ದಿರುತ್ತಿತ್ತು. ಬೆಲ್ಟಿಗೆ ಎರಡು ಹೊಸ ತೂತು ಹೊಡೆದರು. ಅದಕ್ಕೆ ಮೊದಲು ಸ್ವಲ್ಪ ದಿನ ಹಲ್ಲುನೋವಿತ್ತು, ಆ ದವಡೆಹಲ್ಲು ತಾನಾಗಿ ಬಿದ್ದುಹೋಯಿತು. ವಯಸ್ಸು ಅರವತ್ತಾರಾಯಿತಲ್ಲ, ಸುಸ್ತಾಗದೆ ಇನ್ನೇನು ಅಂದುಕೊಂಡೆ.

ಡಿಸೆಂಬರ್ ಹತ್ತರಂದು ಮಂಗಳವಾರ ದೋಣಿಯಿಂದ ಇಳಿದು ಬಂದವರ ಬಲಗಣ್ಣು ಕೆಂಪಗಿತ್ತು. ನೋಡಿದ ಕೂಡಲೇ "ಕಣ್ಣಿಗೆ ಥಂಡಿ ಹಿಡಿದಿದೆ" ಅಂದೆ. ನನ್ನಮ್ಮ ಹಾಗೇ ಅನ್ನುತ್ತಿದ್ದಳು, ಅವಳಮ್ಮನೂ ಹಾಗೇ. ನಮ್ಮಲ್ಲಿ ಕಣ್ಣು ಕೆಂಪಾದರೆ ಥಂಡಿ, ಬೇರೆ ಹೆಸರೇ ಇಲ್ಲ. ಎದುರುಗಾಳಿಗೆ ಸೈಕಲ್ ತುಳಿದರೆ ಥಂಡಿ, ಕಿಟಕಿ ಸಂದಿಯಿಂದ ಗಾಳಿ ಬಂದರೆ ಥಂಡಿ. ಆರಿದ ಟೀಯಲ್ಲಿ ಬಟ್ಟೆ ಅದ್ದಿ ಒರೆಸಿದೆ, ಉಣ್ಣೆ ಟೋಪಿಯನ್ನು ಆ ಕಣ್ಣಿನ ಮೇಲೆ ಎಳೆದು ಕೂರಿಸಿದೆ. "ನೋಡ್ರೋ, ಕಟ್ಕೊಂಡ ಹೆಂಡ್ತಿ ನನ್ನ ಕಡಲ್ಗಳ್ಳನ್ನ ಮಾಡಿಬಿಟ್ಲು," ಅಂತ ನಮ್ಮ ಸಿಂಪಿ ಶೆಡ್ಡಿನ ಕೆಲಸದವರಿಗೆಲ್ಲ ತೋರಿಸಿ ನಗಿಸಿದರು. ನಾನೂ ನಕ್ಕೆ. ಅದನ್ನು ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮಾರನೆಯ ದಿನ ಅವರು ಕೈ ತೊಳೆಯುವಾಗ ನೋಡಿದೆ, ಉಗುರುಗಳ ಕೆಳಗೆ ಸಣ್ಣ ಸಣ್ಣ ಕಪ್ಪು ಗೆರೆಗಳು. ಮೂರು ಬೆರಳಿಗೆ. ಚಿಪ್ಪಿನ ಸಿಬಿರು ಹೊಕ್ಕಿದೆ ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ನಲವತ್ತು ವರ್ಷ ಆ ಬೆರಳುಗಳಿಂದ ಸಿಬಿರು ತೆಗೆದವಳು ನಾನು, ನನಗಿಂತ ಯಾರಿಗೆ ಗೊತ್ತು? ಸೂಜಿ ಕುದಿಸಿ, ಕನ್ನಡಕ ಹಾಕಿಕೊಂಡು, ಅಡುಗೆಮನೆ ಮೇಜಿನ ಮೇಲೆ ಕೈ ಇಡಿಸಿ ಕೆದಕಿದೆ. ಸಿಬಿರು ಬರಲಿಲ್ಲ, ರಕ್ತ ಬಂತು. "ಏನೇ ನೆಲ್ಲಾ, ಬೆರಳು ಕೊರೆದು ಮುತ್ತು ಹುಡುಕ್ತಿದ್ದೀಯಾ?" ಅಂದರು. "ತೆಪ್ಪಗೆ ಕೂತ್ಕೊಳ್ಳಿ, ಆಳಕ್ಕೆ ಹೋಗಿದೆ," ಅಂತ ಗದರಿಸಿ ಇನ್ನೊಂದು ಬೆರಳು ಹಿಡಿದೆ. ಅದು ಸಿಬಿರಲ್ಲ. ಕವಾಟದಿಂದ ಕಿತ್ತು ಬಂದ ಕೊಳೆಯ ಚೂರುಗಳು ರಕ್ತದಲ್ಲಿ ತೇಲಿ ಬೆರಳ ತುದಿಗೆ ಬಂದು ಸಿಕ್ಕಿಕೊಂಡಿದ್ದವು. ಅಂಥದೇ ಒಂದು ಚೂರು ಕಣ್ಣಿಗೆ ಹೋಗಿತ್ತು. ನಾನು ಸೂಜಿ ಹಿಡಿದು ಹೃದಯದ ರೋಗವನ್ನು ಉಗುರಿನಿಂದ ತೆಗೆಯುತ್ತಿದ್ದೆ, ಹುಚ್ಚಿ.

ಶುಕ್ರವಾರ ನೋವು ಜಾಸ್ತಿಯಾಯಿತು. ಡಾಕ್ಟರ ಕಚೇರಿಗೆ ಫೋನ್ ಮಾಡಿದೆ. ಅಲ್ಲಿ ಫೋನ್ ಎತ್ತುವವಳು ಯೋಸಿನಾ, ನಿನ್ನ ಜೊತೆ ಶಾಲೆಗೆ ಬರುತ್ತಿದ್ದಳಲ್ಲ, ಅವಳೇ. ಒಂದೊಂದಾಗಿ ಸರಿಯಾಗಿಯೇ ಕೇಳಿದಳು. "ಜ್ವರ ಇದೆಯಾ ಆಂಟಿ?" ಅಂದಳು. ಬೆಳಿಗ್ಗೆ ನಾನೇ ನೋಡಿದ್ದೆ, ಮೂವತ್ತೆಂಟು ಡಿಗ್ರಿ ದಾಟಿತ್ತು. ನಿನ್ನಪ್ಪ ಎದುರಿಗೆ ನಿಂತು ಬೇಡ ಬೇಡ ಅಂತ ಕೈಯಾಡಿಸುತ್ತಿದ್ದರು. ಇದೆ ಅಂದರೆ ಈಗಲೇ ಕರ್ಕೊಂಡು ಬನ್ನಿ ಅನ್ನುತ್ತಾಳೆ, ಶೆಡ್ಡಿನಲ್ಲಿ ಮುನ್ನೂರು ಬುಟ್ಟಿ ಸಿಂಪಿ ಕಾಯುತ್ತಿವೆ. "ಇಲ್ಲ ಕಣಮ್ಮ," ಅಂದೆ. "ಕಣ್ಣು ಮಂಜು ಮಂಜಾಗಿದೆಯಾ? ಮೊದ್ಲಿನಷ್ಟು ಕಾಣ್ತಾ ಇದೆಯಾ?" ಅಂದಳು. "ಕಾಣುತ್ತೆ ಕಾಣುತ್ತೆ, ಥಂಡಿ ಅಷ್ಟೆ," ಅಂದೆ. "ಹಾಗಿದ್ರೆ ಎರಡು ದಿನ ನೋಡೋಣ ಆಂಟಿ," ಅಂದಳು. ನಮ್ಮ ಕಡೆ ಎಲ್ಲದಕ್ಕೂ ಇದೊಂದೇ ಔಷಧಿ, ನೋಡೋಣ. ಡಾಕ್ಟರು ಹಾಗನ್ನುತ್ತಾರೆ, ನಾವೂ ಹಾಗನ್ನುತ್ತೇವೆ, ಗಂಡಾಂತರ ಬಾಗಿಲಲ್ಲಿ ನಿಂತಿದ್ದರೂ ನೋಡೋಣ. ನಾನು ಸಮಾಧಾನದಿಂದ ಫೋನ್ ಇಟ್ಟೆ.

ಈಗ ಊರೆಲ್ಲ ಯೋಸಿನಾಳನ್ನು ಬೈಯುತ್ತಿದೆ. "ಒಂದು ಕಣ್ಣು ತಿಂದ್ಲು," ಅಂತ ಬೇಕರಿಯಲ್ಲಿ ಅವಳ ಮುಖಕ್ಕೇ ಹೇಳಿದರಂತೆ. ಆ ಹುಡುಗಿ ಅಳುತ್ತಾ ಮನೆಗೆ ಹೋದಳಂತೆ. ನಾನು ಸುಳ್ಳು ಹೇಳಿದೆ ಅಂತ ನಾನು ಇನ್ನೂ ಯಾರಿಗೂ ಹೇಳಿಲ್ಲ. ಮೊದಲು ಬರೆಯುತ್ತಿರುವುದು ನಿನಗೆ. ಬುಧವಾರ ಕಳೆಯಲಿ, ಅವಳ ಮನೆಗೆ ಹೋಗಿ ಕಾಲು ಹಿಡಿಯುತ್ತೇನೆ.

ಆ ಶುಕ್ರವಾರ ಕಳೆದು ಸೋಮವಾರ ಬೆಳಿಗ್ಗೆ ತಿಂಡಿಗೆ ಕೂತಾಗ ನಿನ್ನಪ್ಪ ಕಾಫಿಯನ್ನು ಕಪ್ಪಿನ ಪಕ್ಕಕ್ಕೆ ಸುರಿದರು. ಮೇಜುಬಟ್ಟೆ ಹಾಳಾಯಿತು ಅಂತ ನಾನು ರೇಗಿದೆ. ಅವರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಕಡೆ ತಿರುಗಿದರು. "ನೆಲ್ಲಾ, ನೀನು ಎಲ್ಲಿದ್ದೀಯ?" ಅಂದರು. ನಾನು ಅವರ ಎದುರಿಗೇ ಕೂತಿದ್ದೆ. ಲೇಂಡರ್ಟ್‌ನನ್ನು ಕರೆದು, ಶೆಡ್ಡಿಗೆ ಬೀಗ ಹಾಕಿ, ಊರಿಂದ ಇಲ್ಲಿಗೆ, ರಾಟರ್‌ಡ್ಯಾಮಿನ ಆಸ್ಪತ್ರೆಗೆ ಬಂದೆವು. ಬುಟ್ಟಿಗಳು ಅಲ್ಲೇ ಉಳಿದವು. ಆಗ ಯಾವ ಸಿಂಪಿಯೂ ಬೇಕಾಗಲಿಲ್ಲ ನೋಡು.

ಕಣ್ಣಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ದೀಪ ಬಿಟ್ಟು ಕಣ್ಣೊಳಗೆ ತುಂಬ ಹೊತ್ತು ನೋಡಿದಳು. ಆಮೇಲೆ "ಕೈ ಕೊಡಿ," ಅಂದಳು. "ಕಣ್ಣಿನ ಡಾಕ್ಟ್ರು ಉಗುರು ನೋಡ್ತಾರೆ ಅಂತ ಗೊತ್ತಿದ್ರೆ ತೊಳ್ಕೊಂಡಾದ್ರೂ ಬರ್ತಿದ್ದೆ," ಅಂದರು ನಿನ್ನಪ್ಪ. ಅವಳು ನಗಲಿಲ್ಲ. ಸೂಜಿ ಚುಚ್ಚಿದ ಗುರುತು ನೋಡಿ, "ಇದೇನು?" ಅಂದಳು. "ಸಿಬಿರು ತೆಗೀತಿದ್ದೆ," ಅಂದೆ. ನನ್ನ ಮುಖವನ್ನು ಒಂದು ಸಲ ನೋಡಿ, ಎದೆಗೆ ಕೊಳವೆ ಇಟ್ಟು ಕೇಳಿಸಿಕೊಂಡಳು. "ಹೃದಯದಲ್ಲಿ ಏನಾದ್ರೂ ತೊಂದ್ರೆ ಇತ್ತಾ ಮೊದ್ಲು?" ಅಂದಳು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಕವಾಟ ಸ್ವಲ್ಪ ಸೋರುತ್ತದೆ, ಅದು ನಮಗೆ ಮೊದಲಿಂದ ಗೊತ್ತಿರುವುದೇ ಅಂದೆವು. "ರೋಗ ಶುರುವಾಗಿದ್ದು ಕಣ್ಣಲ್ಲಲ್ಲ, ಅಲ್ಲಿ," ಅಂತ ಎದೆ ತೋರಿಸಿದಳು. "ಕಣ್ಣು ಮೊದ್ಲು ಹೇಳ್ತು, ಅಷ್ಟೆ." ಕಣ್ಣು ಹೇಳಿದ್ದು ನಿಜ. ಆರು ದಿನ ಕೂಗಿ ಕೂಗಿ ಹೇಳಿತು, ನಾನು ಟೀಯಲ್ಲಿ ಒರೆಸಿದೆ.

ಸೋಂಕು ಎಲ್ಲಿಂದ ಬಂತು ಅಂತ ಅವತ್ತೇ ಕೇಳಿದರು. ಗಾಯ ಇದೆಯಾ, ಹಲ್ಲು ಕೀಳಿಸಿದ್ದೀರಾ ಅಂತ. ಸಿಂಪಿ ಕೆಲಸದವರ ಕೈಯಲ್ಲಿ ಗಾಯ ಇಲ್ಲದ ದಿನ ಯಾವುದು? ಕೈಯಿಂದಲೇ ಇರಬೇಕು ಅಂದುಬಿಟ್ಟೆವು. ಹಲ್ಲಿನ ಮಾತಿಗೆ ನಾನು ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಎದೆ ತೆರೆಯುವ ಮೊದಲು ಬಾಯಿ ನೋಡಲೇಬೇಕಂತೆ. ಹೋದ ಗುರುವಾರ ದವಡೆ ಡಾಕ್ಟರು ನೋಡಿದರು. ಮೇಲೆ ಒಸಡು ಮುಚ್ಚಿಕೊಂಡಿದೆ, ಕೆಳಗೆ ಮುರಿದ ಬೇರು ಉಳಿದಿದೆ, ಸುತ್ತ ಕೀವು. "ಯಾವ ಪುಣ್ಯಾತ್ಮ ಕಿತ್ತಿದ್ದು ಇದನ್ನ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ನಿನ್ನಪ್ಪ "ನಾನೇ," ಅಂದರು. "ಶೆಡ್ಡಲ್ಲಿ, ಇಕ್ಕಳ ಹಾಕಿ."

ಹೌದು ದಿಂಗೆನಾ, ತಾನಾಗಿ ಬಿತ್ತು ಅಂತ ಮೇಲೆ ಬರೆದದ್ದು ಸುಳ್ಳು. ಹೊಡೆದು ಹಾಕಿ ಬರೆಯೋಣ ಅಂದುಕೊಂಡೆ, ಬೇಡ, ಇರಲಿ. ನಿನ್ನಮ್ಮ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳೆ ಅಂತ ನೀನೂ ನೋಡು.

ಈಗ ಆ ದಿನದ ಮಾತು. ಬರೆಯದೆ ದಾಟಿಹೋಗಲು ಆಗುವುದಿಲ್ಲ. ಅಪ್ಪನ ಅರವತ್ತೈದನೆಯ ಹುಟ್ಟುಹಬ್ಬ, ಬರುವ ಮಾರ್ಚಿಗೆ ಎರಡು ವರ್ಷ. ಕುರ್ಚಿಗಳನ್ನೆಲ್ಲ ಗೋಡೆಗೆ ಸುತ್ತ ಹಾಕಿ ನೆಂಟರು, ಇಗರ್ಜಿಯ ಹಿರಿಯರು ಎಲ್ಲ ಕೂತಿದ್ದರು. ನಾನು ಬೋಲುಸ್ ಹಂಚುತ್ತಿದ್ದೆ. ಆ ಅಂಟು ಸಿಹಿಯನ್ನು ಅಪ್ಪ ಒಂದೇ ಕಡೆ ಅಗಿಯುವುದು ಕಂಡು ನೀನು ಎದ್ದು ಬಂದೆ. ಡೆಂಟಿಸ್ಟ್ ಹತ್ತಿರ ದಿನವೂ ಬೇರೆಯವರ ಹಲ್ಲು ತಿಕ್ಕುವ ಕೆಲಸದವಳು, ಸುಮ್ಮನಿರುತ್ತೀಯಾ? "ಅಪ್ಪಾ, ಬಾಯಿ ತೆಗಿ," ಅಂದೆ. ಎಲ್ಲರೂ ತಮಾಷೆ ಅಂತ ನಕ್ಕರು, ಅವರೂ ಆ ಅಂತ ತೆಗೆದರು. "ಥೂ, ಇದು ಬಾಯಲ್ಲ, ಚರಂಡಿ," ಅಂದೆ ನೀನು. "ಕವಾಟ ಸೋರೋರು ಹಲ್ಲು ಹೀಗೆ ಇಟ್ಕೊಂಡ್ರೆ ಈ ಕೊಳೆ ನೆಟ್ಟಗೆ ಎದೆಗೆ ಇಳಿಯುತ್ತೆ ಅಪ್ಪಾ. ಸಾಯ್ತೀಯ." ಇಗರ್ಜಿಯ ಹಿರಿಯರು ಕೆಮ್ಮಿದರು. ಅಪ್ಪನ ಮುಖ ಹೇಗೆ ಕಪ್ಪಿಟ್ಟಿತು ಅಂತ ನೀನು ನೋಡಿದ್ದೀಯ. "ಎದ್ದು ಹೋಗು. ಇನ್ಮೇಲೆ ನನ್ನ ಕಣ್ಮುಂದೆ ಬರ್ಬೇಡ," ಅಂದರು.

ಆಗ ನೀನು ನನ್ನ ಮುಖ ನೋಡಿದೆ. ನಾನು ಏನು ಮಾಡಿದೆ? ಅತ್ತೆಯ ಕಡೆ ತಿರುಗಿ "ಇನ್ನೊಂದು ಕಪ್ ಕಾಫಿ ಹಾಕ್ಲಾ?" ಅಂದೆ. ನಿನಗೆ ನೋವಾದದ್ದು ಅಪ್ಪನ ಮಾತಿಗಿಂತ ನನ್ನ ಕಾಫಿಗೆ ಅಂತ ನನಗೆ ಗೊತ್ತು. ನೀನು ಹೇಳಿದ ರೀತಿ ತಪ್ಪು, ಹೇಳಿದ್ದು ಅಕ್ಷರ ಅಕ್ಷರ ನಿಜವಾಯಿತು. ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ, ಅದಕ್ಕೆ ಈಗ ಹೊತ್ತಿಲ್ಲ. ಬಾ, ಅಷ್ಟೆ. ಬಂದು ಬೈಯಿ. ಕಾರಿಡಾರಿನಲ್ಲಿ ನಿಂತು ಕೂಗಾಡು, ಕೇಳಿಸಿಕೊಳ್ಳುತ್ತೇನೆ.

ಅವರು ನಿನ್ನನ್ನು ಕರೆ ಅಂತ ಹೇಳಿಲ್ಲ. ಹೇಳುವ ಜನ ಅಲ್ಲ, ನಿನಗೂ ಅದೇ ರಕ್ತ. ಡಿಸೆಂಬರಿನಲ್ಲಿ ದಿನಾ ದೋಣಿಯಿಂದ ಬಂದ ಕೂಡಲೇ "ಅಂಚೆ ಏನಾದ್ರೂ ಬಂತಾ?" ಅಂತ ಕೇಳುತ್ತಿದ್ದರು. ಹಬ್ಬದ ಕಾರ್ಡುಗಳಿಗೆ ಕಾಯುತ್ತಿದ್ದಾರೆ ಅಂದುಕೊಂಡೆ. ಇಲ್ಲಿಗೆ ಬಂದ ಮೇಲೂ ಕೇಳಿದರು, ಆಮೇಲೆ ನಿಲ್ಲಿಸಿದರು. ಶನಿವಾರ ನರ್ಸನ್ನು ಕರೆದು ಮಂಚ ತಿರುಗಿಸಿ ಅಂದರು. ಕಿಟಕಿಯ ಬೆಳಕು ಚುಚ್ಚುತ್ತದಂತೆ. ತಿರುಗಿಸಿದ ಮೇಲೆ ನೋಡಿದೆ, ಕಿಟಕಿ ಎಲ್ಲಿತ್ತೋ ಅಲ್ಲೇ ಇದೆ, ಕಾಣುವ ಕಣ್ಣು ಮಾತ್ರ ಬಾಗಿಲ ಕಡೆಗಾಗಿದೆ. ಯಾರು ಒಳಗೆ ಬಂದರೂ ಕತ್ತೆತ್ತುತ್ತಾರೆ. ಊಟದ ಗಾಡಿ ಬಂದರೂ ಎತ್ತುತ್ತಾರೆ. ನನಗೆ ನೋಡಲಾಗುವುದಿಲ್ಲ ದಿಂಗೆನಾ, ಅದಕ್ಕೇ ಹೊರಗೆ ಬಂದು ಈ ಹಾಳು ಕಾಫಿ ಯಂತ್ರದ ಪಕ್ಕ ಕೂತು ಬರೆಯುತ್ತಿದ್ದೇನೆ.

ನೋಡೋಣ ಅನ್ನಬೇಡ. ಯೋಚಿಸಿ ಹೇಳುತ್ತೇನೆ ಅನ್ನಬೇಡ. ಕಣ್ಮುಂದೆ ಬರಬೇಡ ಅಂದವರ ಒಂದು ಕಣ್ಣನ್ನು ದೇವರು ಕಿತ್ತುಕೊಂಡ. ಇನ್ನೊಂದು ಇರುವಾಗಲೇ ಅದರ ಮುಂದೆ ಬಂದು ನಿಲ್ಲು. ದಪ್ಪ ಕೋಟು ಹಾಕಿಕೋ, ಲೇಂಡರ್ಟ್‌ನ ಕಾರಿನಲ್ಲಿ ಹೀಟರ್ ಕೆಟ್ಟಿದೆ.

ಬಾಗಿಲಲ್ಲೇ ಕಾಯುತ್ತಿರುವ ನಿನ್ನ ಅಮ್ಮ,
ಪೀಟರ್ನೆಲ್ಲಾ

ತಾ.ಕ. — ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಲೇಂಡರ್ಟ್ ಕೀ ಕುಲುಕಿಸುತ್ತಾ ನಿಂತಿದ್ದಾನೆ, ಇದನ್ನು ಹೇಳದೆ ಕಳಿಸಿದರೆ ಬರೆದದ್ದೆಲ್ಲ ದಂಡ.

ಆ ಹಲ್ಲನ್ನು ಅವರು ಕಿತ್ತುಕೊಂಡದ್ದಲ್ಲ. ಅವರು ಸ್ಟೂಲಿನ ಮೇಲೆ ಕೂತು ಎರಡು ಕೈಯಲ್ಲಿ ಕಂಬ ಹಿಡಿದುಕೊಂಡರು, ಇಕ್ಕಳ ಹಿಡಿದವಳು ನಾನು. ಡೆಂಟಿಸ್ಟ್ ಹತ್ತಿರ ಹೋಗೋಣ ಅಂದೆ. "ಇನ್ನೊಬ್ಬರ ಮುಂದೆ ಈ ಬಾಯಿ ತೆಗಿಯಲ್ಲ, ಒಂದು ಸಲ ತೆಗೆದದ್ದು ಸಾಕು. ನೀನೇ ಕೀಳು," ಅಂದರು. ಟಕ್ ಅಂತ ಸದ್ದಾಯಿತು. ಪೂರ್ತಿ ಬಂತು ಅಂದೆ. ಬಂದಿರಲಿಲ್ಲ. ದವಡೆ ಡಾಕ್ಟರ ಮುಂದೆ "ನಾನೇ" ಅಂದದ್ದು ನನ್ನ ಮಾನ ಕಾಯಲಿಕ್ಕೆ.

ನೋವಿಗಾಗಿ ಕೀಳಿಸಿದ್ದೂ ಅಲ್ಲ. ಡಿಸೆಂಬರ್ ಐದರ ಸಂತ ನಿಕೊಲಾಸನ ಹಬ್ಬಕ್ಕೆ ನಿನಗೆ ಉಡುಗೊರೆ ಕಳಿಸಬೇಕು ಅಂತ. ಹಲ್ಲನ್ನು ತೊಳೆದು, ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟು, ಹಬ್ಬಕ್ಕೆ ಎಲ್ಲರೂ ಬರೆಯುವ ಹಾಗೆ ತಾವೂ ಎರಡು ಸಾಲಿನ ಪದ್ಯ ಬರೆದರು. ಎರಡು ಸಾಲಿಗೆ ಮೂರು ದಿನ ಹಿಡಿಯಿತು. ಗೊತ್ತಲ್ಲ ಅವರ ಪದ್ಯ:

ಮಗಳು ಬೈದ ಹಲ್ಲು ಇದು, ಕಿತ್ತು ಕಳಿಸಿದ್ದೇನೆ,
ಬಾಯಿ ಈಗ ಚೊಕ್ಕ ಮಾಡಿದೆ, ಬಂದು ನೋಡು ನೀನೇ.

ಡಿಸೆಂಬರ್ ಎರಡರಂದು ಅಂಚೆಗೆ ಹಾಕು ಅಂತ ನನ್ನ ಕೈಗೆ ಕೊಟ್ಟರು. ನಾನು ಹಾಕಲಿಲ್ಲ. ಹಲ್ಲು ನೋಡಿದ ಕೂಡಲೇ ಬೇರು ಮುರಿದದ್ದು ನಿನಗೆ ಗೊತ್ತಾಗುತ್ತದೆ, ಇದು ನನ್ನ ಕೆಲಸ ಅಂತಲೂ ಗೊತ್ತಾಗುತ್ತದೆ, ಮತ್ತೆ ಜಗಳ ಶುರುವಾಗುತ್ತದೆ ಅಂತ ಹೆದರಿ, ಹೊಲಿಗೆ ಡಬ್ಬಿಯೊಳಗೆ ಮುಚ್ಚಿಟ್ಟೆ. ಹಾಕಿದ್ದರೆ ನೀನು ಅವತ್ತೇ ಫೋನ್ ಮಾಡಿ ಆಸ್ಪತ್ರೆಗೆ ಓಡಿಸುತ್ತಿದ್ದೆ. ಕಣ್ಣು ಕೆಂಪಾಗಲು ಇನ್ನೂ ಎಂಟು ದಿನ ಇತ್ತು.

ಅವರಿಗೆ ಇದು ಗೊತ್ತಿಲ್ಲ. ನಿನಗೆ ತಲುಪಿದೆ, ನೀನು ನೋಡಿಯೂ ಸುಮ್ಮನಿದ್ದೀಯ ಅಂತಲೇ ನಂಬಿದ್ದಾರೆ. ಅಂಚೆ ಬಂತಾ ಅಂತ ಕೇಳುತ್ತಿದ್ದದ್ದು ಅದಕ್ಕೆ. ಬೆಂಕಿಪೊಟ್ಟಣವನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಾ. ಇವತ್ತೇ ಸಿಕ್ಕಿತು ಅಪ್ಪಾ ಅಂತ ಹೇಳು, ಅದು ನಿಜ. ಇಷ್ಟು ತಡ ಯಾಕೆ ಅಂತ ಕೇಳಿದರೆ ಅಮ್ಮನನ್ನು ಕೇಳು ಅನ್ನು. ನಾನು ಅಲ್ಲೇ ಇರುತ್ತೇನೆ, ಈ ಸಲ ಕಾಫಿ ಹಾಕುವುದಿಲ್ಲ.